ಕೆಲವು ಸುಧಾರಣೆಗಳು ನೆಲೆಯೂರುತ್ತವೆ, ಕೆಲವು ಕಡತದಲ್ಲೇ ಉಳಿಯುತ್ತವೆ: ಇದನ್ನು ನಿರ್ಧರಿಸುವುದು ಯಾವುದು?

ಪ್ರಶ್ನೆ: ಕೆಜಿಎಫ್ ವಿದ್ಯಾರ್ಥಿ

ನಾನು ಕೋಲಾರದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಅಭಿವೃದ್ಧಿಶೀಲ ರಾಷ್ಟ್ರವೊಂದರಲ್ಲಿ ರಾಜಕೀಯ ಮತ್ತು ಆರ್ಥಿಕ ಸುಧಾರಣೆಗಳನ್ನು ರೂಪಿಸುವ ಅಂಶಗಳ ಬಗ್ಗೆ ಪ್ರಬಂಧವೊಂದನ್ನು ಮಂಡಿಸಬೇಕಾಗಿದ್ದು, ಭಾರತವನ್ನೇ ಉದಾಹರಣೆಯಾಗಿ ಆರಿಸಿಕೊಂಡಿದ್ದೇನೆ. ಪಠ್ಯಗಳಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ಬಿಕ್ಕಟ್ಟು ಬಂದಾಗ, ಹೊರಗಿನಿಂದ ಸಾಲ ಕೊಡುವವರ ಒತ್ತಡವಿದ್ದಾಗ ಮತ್ತು ನಾಯಕತ್ವಕ್ಕೆ ಇಚ್ಛಾಶಕ್ತಿ ಇದ್ದಾಗ ಸುಧಾರಣೆ ನಡೆಯುತ್ತದೆ. 1991ರಲ್ಲಿ ವಿದೇಶಿ ವಿನಿಮಯದ ಸಂಗ್ರಹ ಎರಡು-ಮೂರು ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ದೇಶದ ಚಿನ್ನವನ್ನು ಹೊರಗೆ ಒತ್ತೆಯಿಡಬೇಕಾಗಿ ಬಂದದ್ದನ್ನು ಎಲ್ಲರೂ ಉದಾಹರಿಸುತ್ತಾರೆ.

ಆದರೆ ಈ ವಿವರಣೆ ನಮ್ಮ ಜಿಲ್ಲೆಗೆ ಹೊಂದಿಕೊಳ್ಳುತ್ತಿಲ್ಲ. ಪಂಪ್‌ಸೆಟ್ ವಿದ್ಯುತ್ತಿನ ದರ, ಮಾರುಕಟ್ಟೆ ಪ್ರಾಂಗಣದ ವ್ಯವಹಾರ, ಪಂಚಾಯಿತಿಗಳ ಅಧಿಕಾರ, ಜಮೀನಿನ ಪೋಡಿ (ಒಂದೇ ಸರ್ವೆ ನಂಬರನ್ನು ಅಳೆದು ಭಾಗ ಮಾಡುವುದು) ಇವೆಲ್ಲ ದಶಕಗಳಿಂದ ಬಿಕ್ಕಟ್ಟಿನಲ್ಲೇ ಇವೆ, ಆದರೂ ಹೆಚ್ಚೇನೂ ಬದಲಾಗಿಲ್ಲ. ಅದೇ ಹೊತ್ತಿನಲ್ಲಿ ಪಹಣಿಯ ಗಣಕೀಕರಣ ಕೆಲವೇ ವರ್ಷಗಳಲ್ಲಿ ನೆಲೆಯೂರಿತು. ಈ ವ್ಯತ್ಯಾಸಕ್ಕೆ ನಿಜವಾದ ಕಾರಣವೇನು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಶಿರಸ್ತೇದಾರ, ತುಮಕೂರು

ಬಿಕ್ಕಟ್ಟು ಮತ್ತು ಇಚ್ಛಾಶಕ್ತಿ ಎಂಬ ಉತ್ತರ ಎಷ್ಟು ಗಟ್ಟಿಯೆಂದು ನೋಡುವುದಕ್ಕೆ ನೀವೇ ಹೇಳಿದ 1991ರ ಪ್ರಸಂಗ ಸಾಕು. ಆ ವರ್ಷ ಜುಲೈ 24ರಂದು ಒಂದೇ ದಿನ ಎರಡು ಸಂಗತಿಗಳು ಸಂಸತ್ತಿನ ಮುಂದೆ ಬಂದವು. ಹದಿನೆಂಟು ಉದ್ದಿಮೆಗಳನ್ನು ಬಿಟ್ಟು ಉಳಿದೆಲ್ಲದಕ್ಕೂ ಕೈಗಾರಿಕಾ ಪರವಾನಗಿಯನ್ನು ತೆಗೆದುಹಾಕುವ ಹೊಸ ಕೈಗಾರಿಕಾ ನೀತಿ ಒಂದು. ಮನಮೋಹನ್ ಸಿಂಗ್ ಅವರ ಮೊದಲ ಬಜೆಟ್ ಇನ್ನೊಂದು. ಪರವಾನಗಿ ಹೋಯಿತು, ಮತ್ತೆ ಬರಲಿಲ್ಲ. ಬಜೆಟ್ಟಿನಲ್ಲಿ ರಸಗೊಬ್ಬರದ ಬೆಲೆಯನ್ನು ಶೇ 40ರಷ್ಟು ಏರಿಸುವ ಪ್ರಸ್ತಾವವೂ ಇತ್ತು. ಅದಕ್ಕೆ ಆಳುವ ಪಕ್ಷದ ಸಂಸದರೇ ತಿರುಗಿಬಿದ್ದರು. ಕೆಲವೇ ವಾರಗಳಲ್ಲಿ ಏರಿಕೆಯನ್ನು ಶೇ 30ಕ್ಕೆ ಇಳಿಸಿ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ಕೊಡಬೇಕಾಯಿತು. ಬಿಕ್ಕಟ್ಟು ಅದೇ, ಸರ್ಕಾರ ಅದೇ, ಹಣಕಾಸು ಸಚಿವರು ಅವರೇ, ದಿನವೂ ಅದೇ. ಫಲಿತಾಂಶ ಮಾತ್ರ ಬೇರೆ.

ಪರವಾನಗಿ ರದ್ದಿನಿಂದ ಕಳೆದುಕೊಂಡವರು ದೆಹಲಿಯ ಕೆಲವು ಕಚೇರಿಗಳು ಮತ್ತು ಪೈಪೋಟಿಯಿಲ್ಲದೆ ಬೆಳೆದ ಕೆಲವು ಉದ್ಯಮ ಮನೆತನಗಳು. ಗೊಬ್ಬರದ ಬೆಲೆಯಿಂದ ಕಳೆದುಕೊಳ್ಳುವವನು ದೇಶದ ಪ್ರತಿ ಗ್ರಾಮೀಣ ಕ್ಷೇತ್ರದಲ್ಲೂ ಇದ್ದ. ಇದು ಮೊದಲ ಕಾರಣ, ಮತ್ತು ಇದನ್ನು ಬಹಳ ಜನ ಬರೆದಿದ್ದಾರೆ. ನಾನು ಒತ್ತಿ ಹೇಳಬೇಕೆಂದಿರುವುದು ಎರಡನೆಯದನ್ನು: ಆ ಸುಧಾರಣೆ ಜಾರಿಯಾಗಬೇಕಾದರೆ ಎಷ್ಟು ಕೈಗಳು ಆಡಬೇಕು? ರೂಪಾಯಿಯ ಅಪಮೌಲ್ಯಕ್ಕೆ ರಿಸರ್ವ್ ಬ್ಯಾಂಕಿನ ಆದೇಶ ಸಾಕಾಯಿತು. ಆಮದು ಸುಂಕ ಇಳಿಸಲು ಒಂದು ಅಧಿಸೂಚನೆ ಸಾಕು. ಇವುಗಳಿಗೆ ತಾಲ್ಲೂಕು ಕಚೇರಿಯ ಸಹಕಾರವೇ ಬೇಡ. ಶಾಲೆ, ಆಸ್ಪತ್ರೆ, ಭೂದಾಖಲೆ, ನೀರಾವರಿಯ ವಿಷಯ ಹಾಗಲ್ಲ. ಅಲ್ಲಿ ಆದೇಶ ಹೊರಟ ಮೇಲೆ ಸಾವಿರಾರು ಕೆಳಹಂತದ ನೌಕರರು ತಮ್ಮ ದಿನನಿತ್ಯದ ನಡವಳಿಕೆಯನ್ನೇ ಬದಲಿಸಿಕೊಳ್ಳಬೇಕು. 1991ರ ಸುಧಾರಣೆಗಳು ಯಶಸ್ವಿಯಾದದ್ದಕ್ಕೆ ಅವುಗಳಲ್ಲಿ ಬಹುಪಾಲು ರದ್ದುಪಡಿಸುವ ಕೆಲಸವಾಗಿದ್ದದ್ದೂ ಒಂದು ಕಾರಣ. ಕಟ್ಟುವ ಕೆಲಸಕ್ಕೆ ಬಂದಾಗ ಅದೇ ಸರ್ಕಾರಗಳು ಕುಂಟಿದವು.

ನೀವು ಹೇಳಿದ ಪಹಣಿ ಗಣಕೀಕರಣದ ‘ಭೂಮಿ’ ಯೋಜನೆ ಇದಕ್ಕೆ ಅಪವಾದದಂತೆ ಕಾಣುತ್ತದೆ, ಆದರೆ ನಾನು ಹತ್ತಿರದಿಂದ ಕಂಡಂತೆ ಅದು ಈ ಮಾತಿಗೇ ಸಾಕ್ಷಿ. ಅದಕ್ಕೂ ಮೊದಲು ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ಬೀರುವಿನಲ್ಲಿ, ಅವರು ಸಿಕ್ಕ ದಿನ ಮಾತ್ರ ಸಿಗುತ್ತಿತ್ತು. ರಾಜ್ಯದಾದ್ಯಂತ ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಿಗರ ಹಿಡಿತದಲ್ಲಿದ್ದ, ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಕೊಡುವ ವ್ಯವಸ್ಥೆಯಾಯಿತು. ಕೌಂಟರಿನ ಆಚೆ ನಿಂತ ರೈತನಿಗೂ ಕಾಣುವಂತೆ ಎರಡನೆಯ ಪರದೆಯೊಂದನ್ನು ತಿರುಗಿಸಿ ಇಟ್ಟಿದ್ದರು. ತನ್ನ ಹೆಸರಿನ ಕಾಗುಣಿತ ತಪ್ಪಿದ್ದರೆ ಅಲ್ಲೇ ಬೆರಳು ತೋರಿಸುತ್ತಿದ್ದ. ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿದ್ದುದರಿಂದ ತಿದ್ದುಪಡಿ ಮಾಡಿದವರು ಯಾರೆಂಬುದು ದಾಖಲಾಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದಾಯಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಿದರು. ಹಳೆಯ ದಾರಿಯನ್ನು ಮುಚ್ಚದೆ ಹೊಸ ದಾರಿ ತೆರೆದಿದ್ದರೆ ಜನ ಹಳೆಯದರಲ್ಲೇ ನಡೆಯುತ್ತಿದ್ದರು, ಏಕೆಂದರೆ ಹಾಗೆ ನಡೆಸಬಲ್ಲವರು ಹಳ್ಳಿಯಲ್ಲೇ ಇದ್ದರು.

ಅಂದರೆ ಅಲ್ಲಿ ಆದದ್ದು ಒಂದು ಕಡೆ ಇದ್ದ ವಿವೇಚನಾಧಿಕಾರವನ್ನು ಕಿತ್ತುಹಾಕುವ ಕೆಲಸ. ಅದರ ಮುಂದಿನ ಹಂತವಾದ ಪೋಡಿಗೆ ಭೂಮಾಪಕ ಜಮೀನಿಗೇ ಬರಬೇಕು, ಸರಪಳಿ ಹಿಡಿಯಬೇಕು, ಅಕ್ಕಪಕ್ಕದವರು ಗಡಿ ಒಪ್ಪಬೇಕು. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹೆಸರುಗಳಿರುವ ಪಹಣಿಯನ್ನು ಎಷ್ಟು ಬೇಗ ಮುದ್ರಿಸಿ ಕೊಟ್ಟರೂ ಯಾರ ತುಂಡು ಎಲ್ಲಿದೆಯೆಂದು ಅದು ಹೇಳಲಾರದು. ಜಮೀನಿನ ಒಂದು ಭಾಗ ಮಾರಲು ಬೇಕಾದ 11ಇ ಅಳತೆ ನಕ್ಷೆಗೆ ಇವತ್ತಿಗೂ ಓಡಾಡುವವರನ್ನು ಕೇಳಿ ನೋಡಿ. ನಿಮ್ಮ ಪ್ರಬಂಧಕ್ಕೆ ಪಹಣಿ ಮತ್ತು ಪೋಡಿ ಎರಡನ್ನೂ ಜೊತೆಯಾಗಿಟ್ಟು ನೋಡುವುದು ಒಳ್ಳೆಯದೆಂದು ನನ್ನ ಸಲಹೆ.

ಉತ್ತರ: ಬೆಳೆಗಾರ, ಮುಳಬಾಗಿಲು

ಹಿರಿಯರ ಮಾತಿಗೆ ಮಾರುಕಟ್ಟೆಯ ಕಡೆಯಿಂದ ಒಂದು ಸೇರ್ಪಡೆ. 2020ರ ಮೂರು ಕೃಷಿ ಕಾಯ್ದೆಗಳು ಜೂನ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಧ್ವನಿಮತದಿಂದ ಅಂಗೀಕಾರವಾಗಿ, 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಒಳಗಾಗಿ, ಅದೇ ವರ್ಷ ನವೆಂಬರ್‌ನಲ್ಲಿ ರದ್ದಾದವು. ಪಂಜಾಬಿನ ರೈತ ಬೆಂಬಲ ಬೆಲೆಯ ಖರೀದಿಯನ್ನು ಕಳೆದುಕೊಳ್ಳುವ ಭಯದಿಂದ ವಿರೋಧಿಸಿದ್ದು ಸಹಜ. ಕೋಲಾರದ ಟೊಮೆಟೊ ಬೆಳೆಗಾರನಿಗೆ ಬೆಂಬಲ ಬೆಲೆಯೇ ಇಲ್ಲದಿದ್ದರೂ ಅವನು ಆ ಕಾಯ್ದೆಗಳನ್ನು ಸ್ವಾಗತಿಸಲಿಲ್ಲ. ಇದನ್ನು ರಾಜಕೀಯವೆಂದು ತಳ್ಳಿಹಾಕುವವರು ಮಂಡಿಯ ಲೆಕ್ಕಪುಸ್ತಕವನ್ನು ನೋಡಿಲ್ಲವೆಂದು ತಿಳಿಯಬೇಕು.

ನಾಟಿಗೆ ಮುಂಚೆ ಸಸಿ, ಗೊಬ್ಬರ, ಔಷಧಿ, ಕಟ್ಟುವ ಕೋಲು, ತಂತಿ ಇವುಗಳಿಗೆ ಬೇಕಾದ ಹಣದಲ್ಲಿ ದೊಡ್ಡ ಭಾಗ ಬ್ಯಾಂಕಿನಿಂದ ಬರುವುದಿಲ್ಲ, ಮಂಡಿಯವರ ಮುಂಗಡವಾಗಿ ಬರುತ್ತದೆ. ಕ್ರೇಟುಗಳೂ ಅವರವೇ. ಮುಂಗಡ ತೆಗೆದುಕೊಂಡ ಮೇಲೆ ಹಣ್ಣು ಅದೇ ಮಂಡಿಗೆ ಇಳಿಯಬೇಕು, ಕಮಿಷನ್ ಮತ್ತು ಬಾಕಿ ಮುರಿದುಕೊಂಡು ಉಳಿದದ್ದು ಕೈಗೆ ಬರಬೇಕು. ಎಲ್ಲಿ ಬೇಕಾದರೂ ಮಾರಬಹುದು ಎಂಬ ಸ್ವಾತಂತ್ರ್ಯ ಸಾಲವಿಲ್ಲದವನಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಮಂಡಿಯವರನ್ನು ನಾನು ಹೊಗಳುತ್ತಿಲ್ಲ. ನಮ್ಮ ಚೀಟಿಯಲ್ಲಿ ಮುರಿದುಕೊಳ್ಳುವ ಮೊತ್ತಗಳೆಲ್ಲ ನ್ಯಾಯವಾದವು ಎಂದೂ ಹೇಳುವುದಿಲ್ಲ. ಆದರೆ ಬೆಲೆ ಬಿದ್ದು ಹಣ್ಣನ್ನು ರಸ್ತೆ ಬದಿಗೆ ಸುರಿದ ವರ್ಷದಲ್ಲೂ ಮುಂದಿನ ಬೆಳೆಗೆ ಮುಂಗಡ ಕೊಟ್ಟದ್ದು ಅವರೇ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸಿಗೆ ಎರಡು ಸಾವಿರ ದಾಟಿದಾಗ ಎಲ್ಲರೂ ನಮ್ಮ ಕಡೆ ನೋಡಿದರು. ಉಳಿದ ವರ್ಷಗಳ ನಷ್ಟದಲ್ಲಿ ಪಾಲುದಾರರಾಗುವವರು ಯಾರೆಂದು ಕಾಯ್ದೆ ಬರೆದವರು ಕೇಳಿಕೊಳ್ಳಲಿಲ್ಲ.

ಆದ್ದರಿಂದ ಸುಧಾರಣೆಯ ಮುಂದೆ ಹಿಂದೆ ಏನಿರಬೇಕು ಎಂಬ ಕ್ರಮವೂ ಒಂದು ಮುಖ್ಯ ಅಂಶ. ಸಾಲ, ದಾಸ್ತಾನು, ಪಾವತಿಯ ಖಾತರಿ ಇವು ಮೊದಲು ಬಂದು ಮಾರಾಟದ ಸ್ವಾತಂತ್ರ್ಯ ಆಮೇಲೆ ಬಂದಿದ್ದರೆ ಚರ್ಚೆಯೇ ಬೇರೆಯಾಗುತ್ತಿತ್ತು.

ಪ್ರತಿಕ್ರಿಯೆ: ಕೆಜಿಎಫ್ ವಿದ್ಯಾರ್ಥಿ

ಇಬ್ಬರಿಗೂ ಕೃತಜ್ಞತೆಗಳು. ಆದರೆ ಕಳೆದುಕೊಳ್ಳುವವರು ಸಂಘಟಿತರಾಗಿದ್ದರೆ ಸುಧಾರಣೆ ನಿಲ್ಲುತ್ತದೆ ಎಂಬ ವಾದಕ್ಕೆ ನಮ್ಮ ಊರೇ ವಿರುದ್ಧ ಸಾಕ್ಷ್ಯ. ಕೆಜಿಎಫ್ ಚಿನ್ನದ ಗಣಿ ಕಾರ್ಮಿಕರಿಗಿಂತ ಒಂದೇ ಕಡೆ ನೆಲೆಸಿದ, ತಲೆಮಾರುಗಳಿಂದ ಸಂಘ ಕಟ್ಟಿಕೊಂಡ ಕಾರ್ಮಿಕರು ಈ ರಾಜ್ಯದಲ್ಲಿ ಎಷ್ಟು ಜನ ಇದ್ದರು? ಆದರೂ ಆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 1992ರಲ್ಲಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಗಿ, 2001ರ ಫೆಬ್ರವರಿ 28ರಂದು ಮುಚ್ಚಿಯೇ ಹೋಯಿತು. ಅದೇ ಜಿಲ್ಲೆಯ ಪಂಪ್‌ಸೆಟ್ ರೈತರು ಚದುರಿ ಹೋಗಿದ್ದರೂ ಅವರ ವಿದ್ಯುತ್ತನ್ನು ಯಾವ ಸರ್ಕಾರವೂ ಮುಟ್ಟಲಿಲ್ಲ. ಇದನ್ನು ಹೇಗೆ ವಿವರಿಸುವುದು?

ಉತ್ತರ: ನಿವೃತ್ತ ಶಿರಸ್ತೇದಾರ, ತುಮಕೂರು

ನಿಮ್ಮ ಆಕ್ಷೇಪ ಸರಿಯಾಗಿದೆ, ಹಾಗೂ ಅದು ವಾದವನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಸಂಘಟನೆಯೊಂದೇ ಸಾಲದು, ಆ ಸಂಘಟನೆ ಎಷ್ಟು ಕ್ಷೇತ್ರಗಳಲ್ಲಿ ಸೋಲು-ಗೆಲುವನ್ನು ನಿರ್ಧರಿಸಬಲ್ಲದು ಎಂಬುದು ಮುಖ್ಯ. ಕೆಜಿಎಫ್ ವಿಧಾನಸಭೆಯ 224 ಸ್ಥಾನಗಳಲ್ಲಿ ಒಂದು ಮೀಸಲು ಕ್ಷೇತ್ರ. ಗಣಿ ಕೇಂದ್ರ ಸರ್ಕಾರದ್ದು, ಕಾರ್ಮಿಕರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತ ಕುಟುಂಬಗಳು. ಅವರ ನೋವು ಬೆಂಗಳೂರಿನ ರಾಜಕಾರಣಕ್ಕೂ ದೆಹಲಿಯ ರಾಜಕಾರಣಕ್ಕೂ ಅಂಚಿನದಾಗಿಯೇ ಉಳಿಯಿತು. ಮುಷ್ಕರದ ಆಯುಧವೂ ಅವರ ಕೈಯಲ್ಲಿ ಮೊಂಡಾಗಿತ್ತು, ಏಕೆಂದರೆ ಉತ್ಪಾದನೆಯ ವೆಚ್ಚ ಚಿನ್ನದ ಬೆಲೆಯನ್ನು ಮೀರಿದ್ದ ಗಣಿಯಲ್ಲಿ ಕೆಲಸ ನಿಂತರೆ ಮಾಲೀಕನಿಗೆ ನಷ್ಟವೇ ಇಲ್ಲ.

ಪಂಪ್‌ಸೆಟ್ಟಿನ ರೈತ ಹಾಗಲ್ಲ. ಅವನ ರಾಜಕೀಯ ಬಲದ ಇತಿಹಾಸ 1980ರ ಜುಲೈಯ ನರಗುಂದ-ನವಲಗುಂದದಿಂದ ಶುರುವಾಗುತ್ತದೆ. ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ಆ ಚಳವಳಿಯ ಮೇಲೆ ಗೋಲಿಬಾರ್ ನಡೆಯಿತು, ರಾಜ್ಯಾದ್ಯಂತ ರೈತ ಸಂಘ ಬೆಳೆಯಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನೀರು ಮತ್ತು ವಿದ್ಯುತ್ತಿನ ಬಾಕಿಗೆ ರೈತನ ಮನೆ ಬಾಗಿಲು ತಟ್ಟಬಾರದೆಂಬ ಪಾಠವನ್ನು ಎಲ್ಲ ಪಕ್ಷಗಳೂ ಕಲಿತವು.

ಹೊರಗಿನ ಒತ್ತಡದ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬಹುದು. 1999ರಲ್ಲಿ ವಿದ್ಯುತ್ ಸುಧಾರಣಾ ಕಾಯ್ದೆ ಬಂತು, ವಿದ್ಯುಚ್ಛಕ್ತಿ ಮಂಡಳಿ ಕೆಪಿಟಿಸಿಎಲ್ ಆಯಿತು, ದರ ನಿಗದಿಗೆ ಪ್ರತ್ಯೇಕ ಆಯೋಗ ರಚನೆಯಾಯಿತು, 2002ರಲ್ಲಿ ವಿತರಣಾ ಕಂಪನಿಗಳಾಗಿ ನಮ್ಮ ತುಮಕೂರು, ಕೋಲಾರದ ಕಡೆ ಬೆಸ್ಕಾಂಗೆ ಸೇರಿತು. ವಿಶ್ವಬ್ಯಾಂಕಿನ ಸಾಲ ಆ ಕಾಲದ ಸುಧಾರಣೆಗಳ ಬೆನ್ನಿಗಿತ್ತು. ಸಾಲ ಕೊಟ್ಟವರು ಕಾಯ್ದೆಯನ್ನೂ ಆಯೋಗವನ್ನೂ ಪಡೆದರು. ಹೊಲದ ಮೀಟರನ್ನು ಪಡೆಯಲಾಗಲಿಲ್ಲ. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವೇ ಆಯಿತು, ಅದರ ಹಣವನ್ನು ಸರ್ಕಾರ ಕಂಪನಿಗಳಿಗೆ ಕಟ್ಟಿಕೊಡುತ್ತಿದೆ.

ಇದನ್ನು ಮತಕ್ಕಾಗಿ ಹಂಚುವ ಕೊಡುಗೆ ಎಂದಷ್ಟೇ ಬರೆಯಬೇಡಿ. ಕೋಲಾರ-ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಕಾಲುವೆಯಿಲ್ಲ, ಅಂತರ್ಜಲ ಅತಿಬಳಕೆಯ ವರ್ಗದಲ್ಲಿದೆ. ಸಾವಿರ ಅಡಿಗೂ ಮೀರಿ ಕೊರೆಸಿ, ನೀರು ಬಾರದಿದ್ದರೆ ಆ ಸಾಲವನ್ನೂ ತಾನೇ ಹೊತ್ತು, ರೈತ ತನ್ನ ನೀರಾವರಿಯನ್ನು ತಾನೇ ಕಟ್ಟಿಕೊಂಡಿದ್ದಾನೆ. ಕಾಲುವೆ ಪ್ರದೇಶದವರಿಗೆ ಸರ್ಕಾರ ಅಣೆಕಟ್ಟೆಯ ರೂಪದಲ್ಲಿ ಕೊಟ್ಟದ್ದನ್ನು ತನಗೆ ವಿದ್ಯುತ್ತಿನ ರೂಪದಲ್ಲಿ ಕೊಡುತ್ತಿದೆ ಎಂದು ಅವನು ಭಾವಿಸಿದರೆ ಅದರಲ್ಲಿ ನ್ಯಾಯವಿದೆ. ಇದಲ್ಲದೆ, ದುಡ್ಡು ಕಟ್ಟಿದರೆ ಹಗಲಿನಲ್ಲಿ ಏಳು ಗಂಟೆ ಸರಿಯಾದ ವೋಲ್ಟೇಜಿನ ಮೂರು ಫೇಸ್ ಕೊಡುತ್ತೇವೆ ಎಂಬ ಮಾತನ್ನು ಅವನು ನಂಬುವುದಿಲ್ಲ. ಈ ನಂಬಿಕೆಯ ಕೊರತೆಯೇ ಬಡ ದೇಶಗಳ ಸುಧಾರಣೆಗೆ ದೊಡ್ಡ ತೊಡಕೆಂದು ನನ್ನ ಅಭಿಪ್ರಾಯ. ಕಳೆದುಕೊಳ್ಳುವುದು ಇಂದೇ, ಸಿಗುವುದು ಎಂದೋ. ಆ ‘ಎಂದೋ’ಗೆ ಜಾಮೀನು ನಿಲ್ಲುವವರು ಇಲ್ಲ.

ಉತ್ತರ: ರೀಲರ್ (ಗೂಡಿನಿಂದ ರೇಷ್ಮೆ ನೂಲು ತೆಗೆಯುವವ), ಶಿಡ್ಲಘಟ್ಟ

ಜಾಮೀನಿನ ಮಾತು ಬಂದದ್ದರಿಂದ ಹೇಳುತ್ತೇನೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಅಗ್ಗದ ಚೀನಾ ನೂಲು ಬಂತು, ನಮ್ಮ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ಹಿಪ್ಪುನೇರಳೆ ಕಿತ್ತುಹಾಕಿದ ರೈತರನ್ನು ನಾನು ಕಂಡಿದ್ದೇನೆ. ಎರಡು ವರ್ಷಗಳ ನಂತರ ಸುಂಕವನ್ನು ಶೇ 15ಕ್ಕೆ ಏರಿಸಿದರು. ಒಂದು ಸಹಿಯಿಂದ ಆಗುವ ಸುಧಾರಣೆ ಇನ್ನೊಂದು ಸಹಿಯಿಂದ ಹಿಂದಕ್ಕೂ ಹೋಗುತ್ತದೆ ಎಂಬುದನ್ನು ಶಿರಸ್ತೇದಾರರ ವಾದಕ್ಕೆ ಸೇರಿಸಿಕೊಳ್ಳಬೇಕು.

ಇದಕ್ಕೆ ಎದುರಾಗಿ ಜಿಎಸ್‌ಟಿಯನ್ನು ನೋಡಿ. 2006ರ ಬಜೆಟ್ಟಿನಲ್ಲಿ ಘೋಷಣೆಯಾದದ್ದು ಜಾರಿಗೆ ಬಂದದ್ದು 2017ರ ಜುಲೈ 1ರಂದು. ಅಷ್ಟು ವರ್ಷ ರಾಜ್ಯಗಳು ಒಪ್ಪಲಿಲ್ಲ. ಕೊನೆಗೆ ಒಪ್ಪಿದ್ದು, ವರಮಾನ ವರ್ಷಕ್ಕೆ ಶೇ 14ರಷ್ಟು ಬೆಳೆಯುತ್ತದೆಂದು ಲೆಕ್ಕ ಹಿಡಿದು ಐದು ವರ್ಷಗಳವರೆಗೆ ಕೊರತೆ ತುಂಬಿಕೊಡುವುದಾಗಿ ಕಾನೂನಿನಲ್ಲೇ ಬರೆದುಕೊಟ್ಟ ಮೇಲೆ. ಮಂಡಳಿಯ ಮತಗಳಲ್ಲಿ ಮೂರನೇ ಎರಡು ಪಾಲು ರಾಜ್ಯಗಳದ್ದು. ರಾಜ್ಯಗಳಿಗೆ ಜಾಮೀನು ಸಿಕ್ಕಿತು, ರೇಷ್ಮೆ ರೈತನಿಗೆ ಸಿಗಲಿಲ್ಲ. ಚೌಕಾಸಿ ಮಾಡಲು ಮೇಜಿನ ಮುಂದೆ ಕುರ್ಚಿ ಇದ್ದವರಿಗಷ್ಟೇ ಪರಿಹಾರ.

ಉತ್ತರ: ಪಾವಗಡದವ

ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕನ್ನೂ ಇದರ ಜೊತೆ ಓದಬಹುದು. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಯೋಜನೆಗೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಒಡೆತನ ರೈತನ ಹೆಸರಿನಲ್ಲೇ ಉಳಿದದ್ದರಿಂದ ಬೇರೆಡೆ ಕಂಡಂತಹ ಸಂಘರ್ಷ ಇಲ್ಲಿ ಕಾಣಲಿಲ್ಲ. ಆದರೆ ಹಣ ಪಹಣಿಯಲ್ಲಿ ಹೆಸರಿದ್ದವನಿಗೆ. ತೀರಿಹೋದ ತಾತನ ಹೆಸರಿನಲ್ಲೇ ಇದ್ದ ಖಾತೆಗಳಿಗೆ ವಂಶವೃಕ್ಷ ಮಾಡಿಸಲು ಜನ ನಾಡಕಚೇರಿಗೆ ಮುಗಿಬಿದ್ದರು. ಆ ಜಮೀನುಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆ ಪತ್ರದಲ್ಲಿ ಜಾಗವಿರಲಿಲ್ಲ.

ಪ್ರತಿಕ್ರಿಯೆ: ಕೆಜಿಎಫ್ ವಿದ್ಯಾರ್ಥಿ

ಆರ್ಥಿಕ ಸುಧಾರಣೆಯ ಚಿತ್ರ ಈಗ ನನಗೆ ಸ್ಪಷ್ಟವಾಯಿತು. ರಾಜಕೀಯ ಸುಧಾರಣೆಯ ಭಾಗ ಉಳಿದಿದೆ. ಅಧಿಕಾರ ಹಂಚುವುದರಿಂದ ಶಾಸಕರೇ ಕಳೆದುಕೊಳ್ಳುತ್ತಾರೆ, ಆ ಕಾನೂನಿಗೆ ಮತ ಹಾಕಬೇಕಾದವರೂ ಅವರೇ. ನಿಮ್ಮ ವಾದದ ಪ್ರಕಾರ 1987ರ ಚುನಾಯಿತ ಜಿಲ್ಲಾ ಪರಿಷತ್ತುಗಳು (ಇಂದಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಹುಟ್ಟಲೇಬಾರದಿತ್ತು. ಹೇಗೆ ಹುಟ್ಟಿದವು?

ಉತ್ತರ: ನಿವೃತ್ತ ಶಿರಸ್ತೇದಾರ, ತುಮಕೂರು

ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಶ್ರದ್ಧೆಯನ್ನು ಕಡಿಮೆ ಮಾಡದೆಯೇ ಇದಕ್ಕೆ ಲೆಕ್ಕಾಚಾರದ ಉತ್ತರವನ್ನೂ ಕೊಡಬಹುದು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಬಂದಾಗ ಅದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ತಾಲ್ಲೂಕು ಬೋರ್ಡುಗಳು, ಸಹಕಾರ ಸಂಘಗಳು, ಭೂ ಅಭಿವೃದ್ಧಿ ಬ್ಯಾಂಕುಗಳು ಬಹುತೇಕ ಹಳೆಯ ಪಕ್ಷದವರ ಹಿಡಿತದಲ್ಲಿದ್ದವು. ಹಳ್ಳಿಯ ಮಟ್ಟದಲ್ಲಿ ತನ್ನದೇ ಆದ ನಾಯಕರ ಪಡೆಯೊಂದನ್ನು ಕಟ್ಟಿಕೊಳ್ಳದೆ ಹೊಸ ಪಕ್ಷ ಉಳಿಯುವಂತಿರಲಿಲ್ಲ. ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತು ಆ ನಾಯಕರಿಗೆ ಕುರ್ಚಿ ಕೊಟ್ಟವು. ಅಂದರೆ ಆ ಹೊತ್ತಿನಲ್ಲಿ ಅಧಿಕಾರ ಹಂಚುವುದರಿಂದ ಆಳುವ ಪಕ್ಷಕ್ಕೆ ಕಳೆದುಕೊಳ್ಳುವುದಕ್ಕಿಂತ ಗಳಿಸುವುದೇ ಹೆಚ್ಚಿತ್ತು. ಆದ್ದರಿಂದಲೇ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಮುಖ್ಯ ಕಾರ್ಯದರ್ಶಿ, ಮಹಿಳೆಯರಿಗೆ ಶೇ 25 ಮೀಸಲು, ಇಷ್ಟೆಲ್ಲ ಕೊಡುವುದು ಸಾಧ್ಯವಾಯಿತು.

ಗೆದ್ದವರು ನೆಲೆಯೂರಿದ ಮೇಲೆ ಆ ಲೆಕ್ಕ ತಿರುಗಿತು. ಪರಿಷತ್ತಿನ ಅಧ್ಯಕ್ಷ ಮುಂದಿನ ಚುನಾವಣೆಯಲ್ಲಿ ತನಗೆ ಪ್ರತಿಸ್ಪರ್ಧಿ ಎಂಬುದು ಎಲ್ಲ ಪಕ್ಷಗಳ ಶಾಸಕರಿಗೂ ಅರ್ಥವಾಯಿತು. ಮೊದಲ ಅವಧಿ ಮುಗಿದಾಗ ಆಡಳಿತಾಧಿಕಾರಿಗಳು ಬಂದು ಕುಳಿತರು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾಗಿ ಚುನಾವಣೆ ಕಡ್ಡಾಯವಾಗದೆ ಇದ್ದಿದ್ದರೆ ಆ ಸಂಸ್ಥೆಗಳ ಗತಿ ಏನಾಗುತ್ತಿತ್ತೋ ಹೇಳಲಾಗದು. ಆ ತಿದ್ದುಪಡಿ ಇದ್ದೂ, 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ಕಾರಣ ಹೇಳಿ ಚುನಾವಣೆಯನ್ನು ವರ್ಷಗಟ್ಟಲೆ ಮುಂದೂಡಲಾಯಿತು. ಅದೇ ಅವಧಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಿತ್ತು. ಗ್ರಾಮ ಪಂಚಾಯಿತಿಯ ಸದಸ್ಯ ಶಾಸಕನ ಸ್ಥಾನಕ್ಕೆ ಸವಾಲಲ್ಲ, ಜಿಲ್ಲಾ ಪಂಚಾಯಿತಿಯ ಅಧ್ಯಕ್ಷ ಸವಾಲು. ನಿಮ್ಮ ಪ್ರಬಂಧದ ಎರಡನೇ ಭಾಗವನ್ನು ಈ ಎರಡು ಚುನಾವಣೆಗಳ ಹೋಲಿಕೆಯಿಂದಲೇ ಆರಂಭಿಸಬಹುದು. ಕೋಲಾರ ಜಿಲ್ಲಾ ಪಂಚಾಯಿತಿ ಕಚೇರಿಯಲ್ಲಿ 2021ರ ಹಿಂದಿನ ಮತ್ತು ನಂತರದ ಸಭೆಗಳ ನಡವಳಿಗಳನ್ನು ಕೇಳಿ ಪಡೆದರೆ, ಕ್ರಿಯಾ ಯೋಜನೆಗಳಿಗೆ ಅನುಮೋದನೆ ಕೊಡುತ್ತಿದ್ದವರು ಮೊದಲು ಯಾರು, ಆಮೇಲೆ ಯಾರು ಎಂಬುದು ಕಾಗದದಲ್ಲೇ ಸಿಗುತ್ತದೆ.